ನಾಲ್ಕು ಬೆರಳು ನೀರು ಕಡಿಮೆ

ಅದು ಎಂಬತ್ಮೂರನೇ ಇಸವಿ. ನನ್ನ ಮದುವೆಯಾಗಿ ಒಂದೂವರೆ ವರ್ಷವಾಗಿತ್ತು, ನಾನು ನಾಲ್ಕು ತಿಂಗಳ ಬಸುರಿ. ನಮ್ಮವರು ವೀರೇಶ, ಯಶವಂತನಗರದ ಕಡೆಯ ಒಂದು ಗಣಿ ಕಂಪನಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಕಂಪನಿ ಕೊಟ್ಟ ಕ್ವಾರ್ಟರ್ಸ್ ಸಾಲಿನಲ್ಲಿ ನಮ್ಮದು ಕೊನೆಯ ಮನೆ. ಎರಡು ಕೋಣೆ, ಹಿಂದೆ ಒಂದು ಸಣ್ಣ ಹಿತ್ತಲು. ಹಿತ್ತಲು ಅನ್ನುವುದು ಹೆಸರಿಗೆ ಮಾತ್ರ. ಅಲ್ಲಿದ್ದದ್ದು ಮಣ್ಣಲ್ಲ, ಅದಿರಿನ ಪುಡಿ ಮತ್ತು ಕಲ್ಲು. ಗುದ್ದಲಿ ಹಾಕಿದರೆ ಠಣ್ ಎಂದು ಶಬ್ದ ಬರುತ್ತಿತ್ತು.

ಲಾರಿಗಳು ದಿನವಿಡೀ ಓಡಾಡುತ್ತಿದ್ದವು. ಬಿಳಿ ಅಂಗಿ ಒಗೆದು ಹಗ್ಗಕ್ಕೆ ಹಾಕಿದರೆ ಸಂಜೆ ತೆಗೆಯುವ ಹೊತ್ತಿಗೆ ಅದು ತಿಳಿಗೆಂಪಾಗಿರುತ್ತಿತ್ತು. ನಾನು ಹೊಸಪೇಟೆಯಲ್ಲಿ ಬೆಳೆದವಳು. ಅಪ್ಪನದು ಸೈಕಲ್ ಅಂಗಡಿ. ನನಗೆ ಏಳು ವರ್ಷವಾಗಿದ್ದಾಗ ಅವ್ವ ತೀರಿಕೊಂಡಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು ಎಂದು ಎಲ್ಲರೂ ಹೇಳುತ್ತಿದ್ದರು. ನನ್ನ ತವರಿನಲ್ಲಿ ಅಪ್ಪ ಒಬ್ಬರೇ. ಎಳೆಗೂಸಿಗೆ ನೀರು ಹಾಕುವುದು ಹೇಗೆ, ಬಾಣಂತಿಗೆ ಏನು ಕೊಡಬೇಕು ಎಂದು ಹೇಳುವ ಒಂದು ಹೆಣ್ಣು ಜೀವ ಅಲ್ಲಿರಲಿಲ್ಲ. ಯಾರಿಗೂ ಹೇಳದಿದ್ದರೂ ಆ ಹೆದರಿಕೆ ನನ್ನೊಳಗೆ ದಿನವೂ ಇತ್ತು.

ಆ ವರ್ಷ ಮೇ ಕೊನೆಯಲ್ಲಿ ನನ್ನ ಅತ್ತೆ ಹುಲಿಗೆಮ್ಮ ನಮ್ಮ ಮನೆಗೆ ಬಂದರು. ಅವರು ಕಂಪ್ಲಿ ಹತ್ತಿರದ ಹಳ್ಳಿಯಲ್ಲಿ ದೊಡ್ಡ ಮಗನ ಜೊತೆ ಇದ್ದರು. ಭತ್ತದ ಗದ್ದೆ, ಸ್ವಲ್ಪ ಬಾಳೆ. ಗದ್ದೆಯ ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತು ಬರುವಾಗ ಜಾರಿ ಬಿದ್ದು ಎಡಗಾಲಿನ ಮೂಳೆ ಮುರಿದುಕೊಂಡಿದ್ದರು. ನಮಗೆ ಕಂಪನಿಯ ಆಸ್ಪತ್ರೆ ಹತ್ತಿರವಿತ್ತು, ಹಾಗಾಗಿ ನಮ್ಮವರು ಅವರನ್ನು ಇಲ್ಲಿಗೇ ಕರೆತಂದರು. ಮೊಣಕಾಲಿನ ಮೇಲಿನವರೆಗೆ ಪ್ಲಾಸ್ಟರ್ ಹಾಕಿದ್ದರು. ಹಿಂಬಾಗಿಲ ಪಕ್ಕ ಒಂದು ಮಂಚ ಹಾಕಿದೆವು. ಅದರ ಮೇಲೆ ಕಾಲು ಚಾಚಿ ಕೂತು ಅವರು ಹಿತ್ತಲನ್ನೇ ನೋಡುತ್ತಿದ್ದರು.

ಮಾತು ಬಹಳ ಕಡಿಮೆ. ಮದುವೆಯಾದ ಮೇಲೆ ಅವರ ಜೊತೆ ನಾನು ಇದ್ದದ್ದು ಒಟ್ಟು ಹದಿನೈದು ದಿನ ಇರಬಹುದು. ಅವರ ಮುಖ ನೋಡಿದರೆ ನನಗೆ ಸ್ವಲ್ಪ ಭಯವೇ ಆಗುತ್ತಿತ್ತು.

ಒಂದು ದಿನ ಅವರೇ ಕೇಳಿದರು. "ಸರೋಜಿ, ಇಲ್ಲಿ ಹಸರು ಅನ್ನೋದು ಏನೂ ಬೆಳಿಯಂಗಿಲ್ಲೇನು?"

"ಇಲ್ರಿ ಅತ್ತಿ. ಪಕ್ಕದ ಮನಿ ಶಾಂತಮ್ಮ ಎರಡು ಸಲ ಬೇವಿನ ಸಸಿ ಹಚ್ಚಿದ್ರು. ಎರಡೂ ಒಣಗಿದ್ವು."

"ಹಂಗಾರ ಮಂದಿ ಏನ್ ನೋಡ್ಕೊಂತ ಇರ್ತಾರ ಇಲ್ಲಿ?" ಎಂದರು. ಆಮೇಲೆ, "ಕಾಲಿನ ಕಟ್ಟು ಬಿಚ್ಚಿದ ಮರುದಿನ ನಾ ಊರಿಗೆ ಹೋಗ್ತೀನಿ. ಕಾಲುವಿಗೆ ನೀರು ಬಿಡ್ತಾರ, ನಾಟಿ ಐತಿ" ಎಂದರು.

ಅವರು ಹೋಗುತ್ತೇನೆ ಅಂದದ್ದು ಸಹಜವೇ. ಆದರೆ ಹೆರಿಗೆಯವರೆಗೆ ಇರಿ ಎಂದು ಕೇಳಬೇಕು ಅಂದುಕೊಂಡಿದ್ದೆ. ಬಾಯಿ ಬರಲಿಲ್ಲ.

ಅದೇ ವಾರ ನಮ್ಮ ಸಾಲಿನಲ್ಲಿದ್ದ ತಿಪ್ಪೇಸ್ವಾಮಿ ಮೇಷ್ಟ್ರು ನಮ್ಮವರಲ್ಲಿ ಸೈಕಲ್ ರಿಪೇರಿಗೆ ಬಂದರು. ಕಾಲೋನಿಯ ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದರು. ಹೊಸದೇನಾದರೂ ಓದಿದರೆ ಯಾರಿಗಾದರೂ ಹೇಳದೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಅತ್ತೆಯ ಮಾತನ್ನು ನಾನು ಅವರಿಗೆ ಹೇಳಿದಾಗ ಕೂತಲ್ಲೇ ನೆಟ್ಟಗಾದರು.

"ಮಣ್ಣು ಇಲ್ದಿದ್ರ ಏನಾತು ಸರೋಜಮ್ಮ? ಬರೇ ನೀರಿನಾಗ ಗಿಡ ಬೆಳಸ್ತಾರ. ಗಿಡಕ್ಕ ಬೇಕಾಗೋ ಗೊಬ್ಬರ ಎಲ್ಲಾ ನೀರಿಗೆ ಕರಗಿಸಿಬಿಡೋದು. ಬೇರು ಅದರಾಗ ಇಳಿಬಿಡೋದು. ನಾ ಓದೀನಿ. ಮಾಡಿ ನೋಡೇಬಿಡೂನು."

ನಮ್ಮವರಿಗೂ ಹುಮ್ಮಸ್ಸು ಬಂತು. ಗ್ಯಾರೇಜಿನಿಂದ ನಾಲ್ಕು ಖಾಲಿ ಎಣ್ಣೆ ಡಬ್ಬ ತಂದು, ಮೇಲಿನ ಮುಚ್ಚಳ ಕತ್ತರಿಸಿ, ತುಕ್ಕು ಹಿಡಿಯದಂತೆ ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರು. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಕೊಯ್ದು ಪ್ರತಿ ಡಬ್ಬಕ್ಕೂ ಮುಚ್ಚಳ ಮಾಡಿ, ಅದರಲ್ಲಿ ಗಿಡಕ್ಕೆ ಎರಡು ತೂತು, ನೀರು ಹಾಕಲು ಮೂಲೆಯಲ್ಲಿ ಒಂದು ತೂತು ಕೊರೆದರು. ಮೇಷ್ಟ್ರು ಹೊಸಪೇಟೆಯಿಂದ ಮೂರು ನಾಲ್ಕು ಥರ ಗೊಬ್ಬರ ತಂದು, ಶಾಲೆಯ ತಕ್ಕಡಿಯಲ್ಲಿ ಔಷಧ ತೂಗುವವರ ಹಾಗೆ ತೂಗಿ ಪೊಟ್ಟಣ ಕಟ್ಟಿಕೊಟ್ಟರು. ಕಮಲಾಪುರದ ಒಂದು ತೋಟದಿಂದ ನಮ್ಮವರು ಟೊಮೆಟೊ ಸಸಿ ತಂದರು. ಬೇರಿನ ಮಣ್ಣು ತೊಳೆದು, ಕಾಂಡಕ್ಕೆ ತೆಂಗಿನ ನಾರು ಸುತ್ತಿ, ಡಬ್ಬಕ್ಕೆ ಎರಡರಂತೆ ಎಂಟು ಸಸಿ ಇಳಿಬಿಟ್ಟೆವು.

ಅತ್ತೆ ಮಂಚದ ಮೇಲೆ ಕೂತು ಎಲ್ಲವನ್ನೂ ನೋಡಿದರು. "ಲೇ ವೀರೇಶ, ಡಬ್ಬಿಯಾಗ ಬೆಳಿ ತಗಿತಿಯೇನೋ" ಎಂದದ್ದು ಬಿಟ್ಟರೆ ಬೇರೆ ಮಾತಾಡಲಿಲ್ಲ.

ನೀರಿನ ಕಥೆ ಹೇಳಬೇಕು. ಎರಡು ದಿನಕ್ಕೊಮ್ಮೆ ಕಂಪನಿಯ ಟ್ಯಾಂಕರ್ ಬರುತ್ತಿತ್ತು. ಮನೆಗೊಂದು ಡ್ರಮ್ಮು, ಅಷ್ಟರಲ್ಲೇ ಎಲ್ಲವೂ ಆಗಬೇಕು. ಅಂಥದರಲ್ಲಿ ನಾನು ಡಬ್ಬಗಳಿಗೆ ಕಂಠದವರೆಗೆ ನೀರು ತುಂಬಿಸಿದ್ದೆ. ಒಂದು ಬೆರಳು ಇಳಿದರೂ ಓಡಿ ಹೋಗಿ ಮತ್ತೆ ತುಂಬಿಸುತ್ತಿದ್ದೆ. ನೀರಿನಲ್ಲೇ ಬೆಳೆಯುವ ಗಿಡ, ನೀರು ಕಡಿಮೆಯಾಗಬಾರದು ಎಂದು ಮೇಷ್ಟ್ರೂ ಹೇಳಿದ್ದರು. ನನ್ನ ಸ್ನಾನದ ನೀರಿನಲ್ಲಿ ಎರಡು ಚೊಂಬು ಉಳಿಸಿ ಗಿಡಕ್ಕೆ ಹಾಕುತ್ತಿದ್ದೆ. ಟ್ಯಾಂಕರ್ ಹತ್ತಿರ ಶಾಂತಮ್ಮ, "ನಿಮ್ಮ ಮನಿಯಾಗ ಮಂದಿಗಿಂತ ಗಿಡಾನ ಜಾಸ್ತಿ ನೀರು ಕುಡಿತಾವು ಬಿಡ್ರಿ" ಎಂದು ಎಲ್ಲರನ್ನೂ ನಗಿಸುತ್ತಿದ್ದರು. ಬೇಸರವಾಗಲಿಲ್ಲ. ಮೊದಲ ವಾರ ಸಸಿಗಳು ನಿಗುರಿ ನಿಂತಿದ್ದವು. ಬೆಳಿಗ್ಗೆ ಎದ್ದು ಹಿಂಬಾಗಿಲು ತೆರೆದರೆ ಆ ಕೆಂಪಿನ ನಡುವೆ ಎಂಟು ಹಸಿರು ತಲೆ. ಅತ್ತೆಯ ಕಣ್ಣೂ ಅಲ್ಲೇ ಇರುತ್ತಿತ್ತು. ಇವು ಹೂವು ಬಿಟ್ಟರೆ ಅವರು ಇಲ್ಲೇ ಉಳಿದಾರು ಎಂದು ನನಗೆ ಆಸೆ ಹುಟ್ಟಿತು. ಹುಚ್ಚು ಆಸೆ ಅನ್ನಿ. ನಾಲ್ಕು ಡಬ್ಬದ ಹಸಿರು ಎಲ್ಲಿ, ಕಂಪ್ಲಿಯ ಗದ್ದೆ ಎಲ್ಲಿ.

ಎರಡನೇ ವಾರ ಎಲೆಗಳು ಹಳದಿಯಾಗತೊಡಗಿದವು. ಮಧ್ಯಾಹ್ನದ ಹೊತ್ತಿಗೆ ಗಿಡಗಳು ಜೋತುಬೀಳುತ್ತಿದ್ದವು. ಬಿಸಿಲಿಗೆ ಬಾಡುತ್ತಿವೆ ಎಂದು ನಾನು ಇನ್ನೂ ನೀರು ಹಾಕಿದೆ. ಮೇಷ್ಟ್ರು ಗೊಬ್ಬರ ಕಡಿಮೆ ಮಾಡಿ ನೋಡಿದರು, ಹೆಚ್ಚು ಮಾಡಿ ನೋಡಿದರು. ಏನೂ ಆಗಲಿಲ್ಲ. ಹಲಗೆ ಸ್ವಲ್ಪ ಎತ್ತಿದರೆ ಒಳಗಿನಿಂದ ಕೊಳೆತ ವಾಸನೆ ಬರುತ್ತಿತ್ತು.

"ಸಾಕು ಮಾಡವ್ವ ನೀರು ಹಾಕೋದು" ಎಂದರು ಅತ್ತೆ.

"ಬಾಡಾಕತ್ತಾವಲ್ರಿ ಅತ್ತಿ. ನೀರಿಲ್ದ ಹೆಂಗ?"

"ನೀರಿನಾಗ ನಿಂತು ಬಾಡಾಕತ್ತಾವು. ಅದನ್ನ ನೋಡು."

ನಾನು ಆ ಮಾತನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಭತ್ತ ಬೆಳೆದವರಿಗೆ ಡಬ್ಬದ ಟೊಮೆಟೊ ಏನು ಗೊತ್ತು ಅನಿಸಿತ್ತು. ಅವರಿಗೆ ಈ ಗಿಡ ಬೆಳೆಯುವುದೇ ಬೇಡವಾಗಿದೆ, ಊರಿಗೆ ಹೋಗಲು ಅದೊಂದು ನೆವ ಎಂಬ ಕೆಟ್ಟ ಯೋಚನೆಯೂ ಬಂದಿತ್ತು.

ಅದಾಗಿ ಎರಡು ದಿನಕ್ಕೆ ಡಾಕ್ಟರಿಗೆ ತೋರಿಸಲು ನಾನು ಕಂಪನಿ ಬಸ್ಸಿನಲ್ಲಿ ಸಂಡೂರಿಗೆ ಹೋದೆ. ಊಟ, ನೀರು ಎಲ್ಲ ಅತ್ತೆಯ ಮಂಚದ ಹತ್ತಿರ ಇಟ್ಟು ಹೋಗಿದ್ದೆ. ಮಧ್ಯಾಹ್ನ ಬಂದು ನೋಡಿದರೆ ಮಂಚ ಖಾಲಿ. ಹಿಂಬಾಗಿಲಿಗೆ ಓಡಿದೆ.

ಅತ್ತೆ ಹಿತ್ತಲಿನಲ್ಲಿ ನೆಲದ ಮೇಲೆ ಕೂತಿದ್ದರು. ಪ್ಲಾಸ್ಟರ್ ಹಾಕಿದ ಕಾಲು ಮುಂದೆ ಚಾಚಿತ್ತು. ಒಂದು ಡಬ್ಬದ ಹಲಗೆಯ ತುದಿ ಎತ್ತಿ ಅದರಡಿ ಕಲ್ಲು ಇಟ್ಟು, ಸ್ಟೀಲ್ ಲೋಟದಿಂದ ನೀರು ಮೊಗೆದು ಮೊಗೆದು ಬಕೆಟ್ಟಿಗೆ ಹಾಕುತ್ತಿದ್ದರು. ಬಕೆಟ್ಟು ಅರ್ಧ ತುಂಬಿತ್ತು.

ನಾನು ಸ್ನಾನದ ನೀರು ಉಳಿಸಿ ಉಳಿಸಿ ಹಾಕಿದ್ದು ಕಣ್ಣ ಮುಂದೆ ಬಂತು. ಬಿಸಿಲಲ್ಲಿ ಬಂದಿದ್ದೆ, ಹೊಟ್ಟೆ ಹಸಿದಿತ್ತು, ಗಾಬರಿ ಬೇರೆ. ಬಾಯಿಗೆ ಬಂದದ್ದು ಆಡಿಬಿಟ್ಟೆ.

"ಈ ನಾಕು ಡಬ್ಬಿ ಗಿಡಾನೂ ನಿಮ್ಮ ಕಣ್ಣಿಗೆ ಚುಚ್ಚಿದ್ವೇನ್ರಿ? ಊರಿಗೆ ಹೋಗೋರು ಸುಮ್ಮನ ಹೋಗಬಾರದ? ನನಗಂತ ಒಂದು ಉಳೀಲಿ ಅಂತ ನಿಮಗ ಅನಸಂಗಿಲ್ಲ?"

ಅಷ್ಟು ಅಂದ ಮೇಲೆ ನನಗೇ ಹೆದರಿಕೆಯಾಯಿತು. ಅವರು ಬೈಯುತ್ತಾರೆ, ಅಳುತ್ತಾರೆ ಎಂದು ಕಾದೆ. ಅವರು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು.

"ಮೂರು ಡಬ್ಬಿ ನೀರು ತಗದೀನಿ. ಆ ಕಡಿದು ನಾಕನೇದ್ದು ಮುಟ್ಟಿಲ್ಲ, ನೀ ಹೆಂಗ ತುಂಬಿದ್ದೆ ಹಂಗ ಐತಿ. ತಗದ ನೀರು ಚೆಲ್ಲಿಲ್ಲ, ಬಕೀಟಿನಾಗ ಐತಿ. ನಾಕು ದಿನ ಬಿಡವ್ವ. ಆಮ್ಯಾಲ ನೀ ಹೇಳಿದಂಗ ಕೇಳ್ತೀನಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವರನ್ನು ಎಬ್ಬಿಸಲು ನನ್ನೊಬ್ಬಳಿಂದ ಆಗಲಿಲ್ಲ. ಶಾಂತಮ್ಮನನ್ನು ಕರೆದು ಇಬ್ಬರೂ ಸೇರಿ ಎತ್ತಿ ಮಂಚಕ್ಕೆ ತಂದೆವು. ನಾನು ಊಟ ಮಾಡದೆ ಒಳಗೆ ಮಲಗಿಬಿಟ್ಟೆ.

ಸಂಜೆ ನಮ್ಮವರು ಬಂದರು. ನಾನು ಅಳುತ್ತಾ ಎಲ್ಲ ಹೇಳಿದೆ. ಅವರು ಹಿತ್ತಲಿಗೆ ಹೋಗಿ ನಿಂತರು. ಅಲ್ಲಿಂದಲೇ ನನ್ನನ್ನು ಕರೆದರು.

"ಸರೋಜಾ, ಇಲ್ಲಿ ನೋಡು."

ಹಿಂಬಾಗಿಲಿಗೂ ಹಿತ್ತಲಿಗೂ ನಡುವೆ ಎರಡು ಎತ್ತರದ ಮೆಟ್ಟಿಲು. ಅತ್ತೆಗೆ ಕೋಲು ಹಿಡಿದರೂ ಅದನ್ನು ಇಳಿಯಲು ಬರುತ್ತಿರಲಿಲ್ಲ. ಮೆಟ್ಟಿಲ ಮೇಲೆ, ಆಮೇಲೆ ಕೆಂಪು ಪುಡಿಯ ಮೇಲೆ, ಡಬ್ಬಗಳವರೆಗೆ ಒಂದು ಅಗಲವಾದ ಗುರುತು ಬಿದ್ದಿತ್ತು. ಎರಡೂ ಬದಿಗೆ ಅಂಗೈ ಊರಿದ ಗುರುತು. ಅತ್ತೆ ಕೂತುಕೊಂಡೇ, ಕೈಯೂರಿ ಸರಿಯುತ್ತಾ ಅಷ್ಟು ದೂರ ಹೋಗಿದ್ದರು. ಒಂದು ಡಬ್ಬದಿಂದ ಇನ್ನೊಂದಕ್ಕೂ ಹಾಗೆಯೇ ಸರಿದಿದ್ದರು.

"ಕೆಡಸಾಕ ಬಂದೋರು ಇಷ್ಟು ಕಷ್ಟ ಬೀಳಂಗಿಲ್ಲ" ಎಂದರು ನಮ್ಮವರು.

ನಾನು ಒಳಗೆ ಹೋಗಿ ಬಿಸಿನೀರು ಕಾಯಿಸಿ ಅತ್ತೆಯ ಕೈ ತೊಳೆದೆ. ಅಂಗೈ ತರಚಿತ್ತು. ತಪ್ಪಾಯಿತು ಅನ್ನಬೇಕು ಅಂದುಕೊಂಡೆ, ಆ ದಿನ ಬಾಯಿಂದ ಹೊರಡಲಿಲ್ಲ. ಅವರೇ ಮಾತು ಶುರು ಮಾಡಿದರು. ಅವರು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನಾ ಲಗ್ನಾಗಿ ಬಂದಾಗ ನಮ್ಮ ಹೊಲಕ್ಕ ಕಾಲುವಿ ನೀರು ಹೊಸದು. ನಿಮ್ಮ ಮಾವಗ ಎಷ್ಟು ಖುಷಿ ಅಂತೀ. ರಾತ್ರಿ ಹಗಲು ನೀರು ಬಿಟ್ಟಿದ್ದ ಬಿಟ್ಟಿದ್ದು. ಬಾಳಿಗೂ ಬಿಟ್ರು, ಮೆಣಸಿನಗಿಡಕ್ಕೂ ಬಿಟ್ರು. ನೀರು ಅಂದ್ರ ಲಕ್ಷ್ಮಿ ಅನ್ನೋರು. ಮೂರು ವರ್ಷಕ್ಕ ಕೆಳಗಿನ ಹೊಲ ಜವುಳು ಹಿಡೀತು. ಕಾಲಿಟ್ಟರ ಪಚ್ ಅನ್ನೋದು. ಬಾಳಿಗಿಡ ಕಿತ್ತು ನೋಡಿದ್ರ ಬೇರು ಕರ್ರಗ, ಕೊಳತ ವಾಸನಿ. ನಿನ್ನ ಡಬ್ಬಿಯಾಗ ಬರಾಕತ್ತೈತಲ್ಲ, ಅದ ವಾಸನಿ."

"ಆಮ್ಯಾಲ ಏನ್ ಮಾಡಿದ್ರಿ?"

"ಬಸಿಗಾಲುವಿ ತೋಡಿದ್ವಿ. ನಾ, ನಿಮ್ಮ ಮಾವ, ಇಬ್ಬರ. ನೀರು ಹೊರಗ ಹೋದ ಮ್ಯಾಲ ಹೊಲ ಉಸರಾಡ್ತು. ಭತ್ತಕ್ಕೂ ನಡಕ ಒಮ್ಮೆ ನೀರು ಬಸೀತೀವಿ ನಾವು, ನೆಲ ಸಣ್ಣಗ ಬಿರಿಯೋತನ. ಆಗ ಬೇರು ಗಟ್ಟಿ ಹಿಡೀತಾವು. ಗಿಡ ನೀರು ಕುಡಿಯೋದು ಬೇರಿನ ತುದಿಲೇ. ಮ್ಯಾಲಿನ ಬೇರಿಗೆ ಗಾಳಿ ಬೇಕವ್ವ. ಮೂಗಿನತನ ಮುಳುಗಿಸಿದ್ರ ಯಾವ ಜೀವ ಉಳೀತೈತಿ?"

ನಾಲ್ಕು ದಿನ ನಾನು ನೀರಿನ ಚೊಂಬು ಮುಟ್ಟಲಿಲ್ಲ. ಕಷ್ಟವೇ ಆಯಿತು. ಮೊದಲ ದಿನ ಗಿಡಗಳು ಇನ್ನಷ್ಟು ಬಾಡಿದಂತೆ ಕಂಡವು. ಎರಡನೇ ದಿನವೂ ಹಾಗೇ. ಮೂರನೇ ದಿನ ಮಧ್ಯಾಹ್ನ ಮೊದಲ ಡಬ್ಬದ ಗಿಡ ತಲೆ ಬಗ್ಗಿಸದೆ ನಿಂತಿದೆ ಅನಿಸಿತು. ನನ್ನ ಕಣ್ಣನ್ನೇ ನಂಬಲಿಲ್ಲ, ಶಾಂತಮ್ಮನನ್ನು ಕರೆದು ತೋರಿಸಿದೆ.

ನಾಲ್ಕನೇ ದಿನ ಮುಗಿದು ಮರುದಿನ ಬೆಳಿಗ್ಗೆ ಮೇಷ್ಟ್ರೂ ಶಾಂತಮ್ಮನೂ ಬಂದರು. ನಮ್ಮವರು ಮತ್ತು ಮೇಷ್ಟ್ರು ಅತ್ತೆಯನ್ನು ಕುರ್ಚಿ ಸಮೇತ ಎತ್ತಿ ಹಿತ್ತಲಿಗೆ ಇಳಿಸಿದರು. ನಾನು ಮೊದಲ ಡಬ್ಬದ ಹಲಗೆಯನ್ನು ಗಿಡಗಳ ಸಮೇತ ನಿಧಾನವಾಗಿ ಎತ್ತಿದೆ.

ಕಂದುಬಣ್ಣದ ಹಳೆಯ ಬೇರುಗಳ ನಡುವಿನಿಂದ ಹೊಸ ಬೇರುಗಳು ಬಂದಿದ್ದವು. ಬಿಳಿ ಅಂದರೆ ಅಚ್ಚ ಬಿಳಿ. ನೀರು ಇಳಿದಿದ್ದ ಜಾಗದಲ್ಲಿ, ಗಾಳಿಯಲ್ಲಿ, ಸಣ್ಣ ಸಣ್ಣ ಕೂದಲಿನಂಥವು ತುಂಬಿಕೊಂಡಿದ್ದವು. ಅವುಗಳಲ್ಲಿ ಉದ್ದನೆಯವು ಕೆಳಗೆ ನೀರಿಗೆ ಇಳಿದಿದ್ದವು. ಎರಡನೆಯದರಲ್ಲೂ, ಮೂರನೆಯದರಲ್ಲೂ ಹಾಗೆಯೇ. ನಾಲ್ಕನೆಯದನ್ನು ಎತ್ತಿದಾಗ ಶಾಂತಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಅದರ ಬೇರು ಕೈಗೆ ಲೋಳೆಯಾಗಿ ಬಂತು.

ಮೇಷ್ಟ್ರು ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೇ ಕೂತುಬಿಟ್ಟರು.

"ಅಮ್ಮ, ಬೇರು ಉಸರಾಡ್ತಾವು ಅಂತ ಹತ್ತು ವರ್ಷದಿಂದ ಬೋರ್ಡಿನ ಮ್ಯಾಲ ಬರದೀನಿ ನಾನು. ಡಬ್ಬಿ ಮುಂದ ನಿಂತಾಗ ನೆನಪಾಗಲಿಲ್ಲ ನೋಡ್ರಿ."

"ಇರ್ಲಿ ಬಿಡ್ರಿ ಮೇಷ್ಟ್ರ. ನಿಮ್ಮ ಗೊಬ್ಬರ ಇಲ್ದಿದ್ರ ನನ್ನ ಬರೇ ನೀರಿನಾಗ ಏನ್ ಬೆಳಿತಿತ್ತು" ಎಂದರು ಅತ್ತೆ. ಅವರು ನಗುವುದನ್ನು ನಾನು ಅಂದು ಸರಿಯಾಗಿ ನೋಡಿದೆ. ಮುಂದಿನ ಒಂದು ಹಲ್ಲು ಇರಲಿಲ್ಲ.

ಅಂದಿನಿಂದ ಹಿತ್ತಲಿನ ಯಜಮಾನಿಕೆ ಅವರದಾಯಿತು. ಹಲಗೆಗೂ ನೀರಿಗೂ ನಡುವೆ ಮೊದಲು ನಾಲ್ಕು ಬೆರಳು ಜಾಗ. ಬೇರು ಇಳಿದಂತೆ ನೀರೂ ತಾನಾಗಿ ಇಳಿಯಲಿ, ಒಂದು ಗೇಣಿನವರೆಗೂ ಇಳಿಯಬಹುದು. ಹಾಕುವಾಗ ಸ್ವಲ್ಪವೇ ಹಾಕಬೇಕು, ಗಾಳಿಗೆ ಒಗ್ಗಿದ ಬೇರನ್ನು ಮತ್ತೆ ಮುಳುಗಿಸಬಾರದು. ತೀರಾ ತಳ ಕಾಣುವಂತೆಯೂ ಬಿಡಬಾರದು. ಇದನ್ನೆಲ್ಲ ಅವರು ನೋಡಿ ನೋಡಿ ಕಂಡುಕೊಂಡರು. ಒಂದು ಜೋಳದ ದಂಟಿಗೆ ಗುರುತಿಗೆಂದು ದಾರ ಕಟ್ಟಿ, ಮೂಲೆಯ ತೂತಿನಿಂದ ಇಳಿಸಿ, ನೀರು ಎಲ್ಲಿದೆ ಎಂದು ದಿನಕ್ಕೆ ಎರಡು ಸಲ ನನ್ನಿಂದ ಅಳೆಸುತ್ತಿದ್ದರು. ಕೊಳೆತ ನಾಲ್ಕನೆಯ ಡಬ್ಬವನ್ನು ತೊಳೆದು, ಅದರಲ್ಲಿ ಪುಂಡಿಪಲ್ಯದ ಸಸಿ ಇಟ್ಟೆವು. ಬಸುರಿಯ ಬಾಯಿಗೆ ಹುಳಿ ಬೇಕು ಎಂದು ಅವರೇ ಆರಿಸಿದ್ದು.

ಜುಲೈ ನಡುವೆ ಪ್ಲಾಸ್ಟರ್ ಬಿಚ್ಚಿದರು. ಅತ್ತೆ ಕೋಲು ಹಿಡಿದು ಮೊದಲು ಹೋದದ್ದು ಹಿತ್ತಲಿಗೆ. ಹದಿನೈದು ದಿನದಲ್ಲಿ ಕಂಪ್ಲಿಯಿಂದ ದೊಡ್ಡ ಭಾವ ಬಂದರು. ಕಾಲುವೆಗೆ ನೀರು ಬಂದಿತ್ತು, ನಾಟಿ ಶುರುವಾಗುವುದರಲ್ಲಿತ್ತು. ಅತ್ತೆಯನ್ನು ಕರೆದುಕೊಂಡು ಹೋಗಲು ಬಂದಿದ್ದರು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ರೊಟ್ಟಿ ಎರಡು ಹರಿದವು.

"ಬಟ್ಟಿ ಕಟ್ಟಿಕೋ ಯವ್ವ, ಮಧ್ಯಾಹ್ನದ ಬಸ್ಸಿಗೆ ಹೋಗೂನು" ಎಂದರು ಭಾವ.

ಅತ್ತೆ ಅವರನ್ನು ಕೈ ಹಿಡಿದು ಹಿಂಬಾಗಿಲಿಗೆ ಕರೆದುಕೊಂಡು ಹೋದರು. ಆರು ಟೊಮೆಟೊ ಗಿಡ ಸೊಂಟದವರೆಗೆ ಬೆಳೆದು, ಕಟ್ಟಿದ ಕೋಲುಗಳನ್ನು ಹಬ್ಬಿದ್ದವು. ಹಳದಿ ಹೂವು ಬಿಟ್ಟಿದ್ದವು.

"ನೋಡಪ್ಪ. ಹೂ ಬಿಟ್ಟಾವು. ಈಗ ನೀರು ಹೆಚ್ಚು ಕಮ್ಮಿ ಆದ್ರ ಹೂ ಉದರ್ತಾವು. ನಾಟಿ ನೀ ಮಾಡಸ್ತೀ, ನಿನ್ನ ಹೇಣ್ತಿ ಅದಾಳ, ಆಳು ಅದಾರ. ಇಲ್ಲಿ ನನ್ನ ಬೆಳಿ ಐತಿ, ಬಿಟ್ಟು ಹೆಂಗ ಬರ್ಲಿ?"

ಭಾವ ಡಬ್ಬಗಳನ್ನು ನೋಡಿದರು, ತಾಯಿಯನ್ನು ನೋಡಿದರು. "ಆರು ಗಿಡಕ್ಕ?" ಎಂದರು.

"ಆರಲ್ಲ. ಏಳನೇದು ಕಾರ್ತೀಕದಾಗ ಬರ್ತೈತಿ. ಆ ಹುಡುಗಿಗೆ ಯಾರದಾರ?"

ನಾನು ಒಲೆಯ ಮುಂದೆ ಕೂತೇ ಅತ್ತುಬಿಟ್ಟೆ. ಹೊಗೆಗೆ ಕಣ್ಣಲ್ಲಿ ನೀರು ಬಂತು ಎಂದು ಭಾವನಿಗೆ ಹೇಳಿದೆ. ಅವರು ಎಂಟು ರೊಟ್ಟಿ ತಿಂದು, ಒಬ್ಬರೇ ಬಸ್ಸು ಹತ್ತಿದರು.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಮಳೆ ಹೊಡೆಯಿತು. ಆ ಭಾಗದಲ್ಲಿ ಅಂಥ ಮಳೆ ಅಪರೂಪ. ಎಲ್ಲರೂ ಬಟ್ಟೆ ತೆಗೆಯಲು ಓಡಿದರೆ ಅತ್ತೆ ಹಿಂಬಾಗಿಲಲ್ಲಿ ನಿಂತು ಕೂಗಿದರು. "ಸರೋಜಿ, ಡಬ್ಬಿ ತುಂಬಾಕತ್ತಾವು. ಜಲ್ದಿ ಬಾ." ಹಲಗೆಯ ಸಂದಿನಿಂದ, ತೂತಿನಿಂದ ಮಳೆನೀರು ಇಳಿದು ಡಬ್ಬ ತುಂಬುತ್ತಿತ್ತು. ನನಗೆ ಬಗ್ಗಲು ಆಗುತ್ತಿರಲಿಲ್ಲ. ಶಾಂತಮ್ಮ ತಲೆಗೆ ಗೋಣಿಚೀಲ ಹಾಕಿಕೊಂಡು ಓಡಿಬಂದರು, ಅವರ ಹಿಂದೆ ಸಾಲಿನ ಇನ್ನೂ ಮೂವರು. ಒಬ್ಬರು ಹಲಗೆ ಎತ್ತಿ ಹಿಡಿದರೆ ಇನ್ನೊಬ್ಬರು ಲೋಟದಲ್ಲಿ ಮೊಗೆಯುವುದು. ಟ್ಯಾಂಕರ್ ನೀರಿಗೆ ಕೊಡ ಹಿಡಿದು ಜಗಳವಾಡುವವರು ಅಂದು ನೀರು ಹೊರಗೆ ಚೆಲ್ಲಲು ಪೈಪೋಟಿ ಮಾಡಿದರು. ಶಾಂತಮ್ಮ ಜಾರಿ ಕೆಸರಲ್ಲಿ ಕೂತುಬಿಟ್ಟರು. ಎದ್ದು ನಿಂತಾಗ ಅವರ ಸೀರೆ ಅದಿರಿನ ಲಾರಿಯ ಬಣ್ಣವಾಗಿತ್ತು. ಅವರೇ ಮೊದಲು ನಕ್ಕರು. ಆಮೇಲೆ ಯಾರಿಗೂ ನಗು ನಿಲ್ಲಿಸಲು ಆಗಲಿಲ್ಲ. ಅತ್ತೆ ಬಾಗಿಲಿನಿಂದ, "ನಕ್ಕೋಂತ ನಿಂದ್ರಬ್ಯಾಡ್ರಿ, ನಾಕು ಬೆರಳು ಇಳಿಸ್ರಿ ಮೊದಲ" ಎಂದು ಹೇಳುತ್ತಾ ತಾವೂ ನಗುತ್ತಿದ್ದರು.

ಸಂಜೆ ನಮ್ಮವರು ಲಾರಿ ಟ್ಯೂಬಿನ ಹಳೆಯ ವಾಲ್ವುಗಳನ್ನು ತಂದು, ಒಳಗಿನ ಪಿನ್ನು ತೆಗೆದು, ಡಬ್ಬದ ಬದಿಗೆ ನಾಲ್ಕು ಬೆರಳು ಕೆಳಗೆ ತೂತು ಕೊರೆದು ಕೂರಿಸಿದರು. ಮತ್ತೆ ಎಷ್ಟು ಮಳೆ ಬಂದರೂ ಹೆಚ್ಚಿನ ನೀರು ತಾನಾಗಿ ಹೊರಗೆ ಹೋಗುತ್ತಿತ್ತು. "ಇದಕ್ಕ ಬಸಿಗಾಲುವಿ ಅಂತಾರಪ್ಪ" ಎಂದು ಅತ್ತೆ ಮಗನ ಬೆನ್ನು ತಟ್ಟಿದರು.

ಸೆಪ್ಟೆಂಬರಿನಲ್ಲಿ ಹಣ್ಣು ಬಂತು. ಮೊದಲ ಹಣ್ಣನ್ನು ಅತ್ತೆ ಕಿತ್ತು, ತೊಳೆದು, ಉಪ್ಪು ಹಚ್ಚಿ, ಅಲ್ಲೇ ನಿಂತು ಎಲ್ಲರಿಗೂ ಒಂದೊಂದು ಹೋಳು ಕೊಟ್ಟರು. ಗಣಿಯಿಂದ ಶಿಫ್ಟ್ ಮುಗಿಸಿ ಬರುವವರು ಬಸ್ಸಿಳಿದು ನೇರವಾಗಿ ನಮ್ಮ ಹಿತ್ತಲಿಗೆ ಬಂದು ನೋಡಿಹೋಗುತ್ತಿದ್ದರು. ಕಮಲಾಪುರದ ಕಡೆಯ ಒಬ್ಬ ರೈತರು ನೋಡಿ, "ನಮ್ಮ ತೋಟದ ಸಸಿ ನಮ್ಮಲ್ಲೇ ಹಿಂಗ ಬಂದಿಲ್ಲಲ್ರಿ ಅಮ್ಮ" ಎಂದರು. ಅತ್ತೆ ಅವರಿಗೆ ಹಲಗೆ ಎತ್ತಿ ಬೇರು ತೋರಿಸಿದರು. ಯಾರು ಬಂದರೂ ಹಣ್ಣಿಗಿಂತ ಮೊದಲು ಬೇರು ತೋರಿಸುವುದು ಅವರ ರೂಢಿಯಾಗಿತ್ತು. ಆ ವರ್ಷ ಮುಗಿಯುವುದರೊಳಗೆ ನಮ್ಮ ಸಾಲಿನ ಐದು ಮನೆಗಳ ಹಿಂದೆ ಡಬ್ಬ ಬಂದವು. ಶಾಂತಮ್ಮನ ಮನೆಯಲ್ಲಿ ಬದನೆಕಾಯಿ.

ಕಾರ್ತೀಕದಲ್ಲಿ ನನಗೆ ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಅತ್ತೆ ಕಾಲು ಚಾಚಿ ಕೂತು, ಆ ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದರು. ಒಂದು ಕಾಲು ಇನ್ನೂ ಸ್ವಲ್ಪ ತೆಳುವಾಗಿಯೇ ಇತ್ತು. ಮಗುವಿನ ಕಿವಿಗೆ ನೀರು ಹೋಗದಂತೆ ಕೈ ಅಡ್ಡ ಹಿಡಿದಿದ್ದರು. ನಾನು ಬಾಗಿಲಿಗೆ ಒರಗಿ ನೋಡುತ್ತಿದ್ದೆ. ಐದು ತಿಂಗಳಿನಿಂದ ಬಾಯಲ್ಲೇ ಉಳಿದಿದ್ದ ಮಾತು ಆಗ ಹೊರಗೆ ಬಂತು.

"ಅತ್ತಿ, ಆವತ್ತು ಹಿತ್ತಲದಾಗ ನಾ ಹಂಗ ಅನ್ನಬಾರದಿತ್ರಿ."

ಅವರು ಮಗುವಿನಿಂದ ಕಣ್ಣು ತೆಗೆಯಲಿಲ್ಲ. "ಅಂದಿ. ಏನಾತೀಗ? ಸಿಟ್ಟು ಬಂದ್ರ ಹೆತ್ತವ್ವನ ಮುಂದ ಅನ್ನದ ಇನ್ನ್ಯಾರ ಮುಂದ ಅಂತಾರ? ಆ ಟಾವೆಲ್ ಇತ್ತ ಕೊಡು, ಕೂಸಿಗೆ ಚಳಿ ಆಗ್ತೈತಿ."

ಟವೆಲ್ ಕೊಟ್ಟೆ. "ತಗೋ ಅವ್ವ" ಎಂದು ಬಾಯಿಗೆ ಬಂತು. ಹದಿನೈದು ವರ್ಷಗಳಿಂದ ಆ ಪದವನ್ನು ನಾನು ಯಾರಿಗೂ ಅಂದಿರಲಿಲ್ಲ. ಅವರು ಒಮ್ಮೆ ತಲೆಯೆತ್ತಿ ನೋಡಿ, ಏನೂ ಆಗದವರಂತೆ ಮಗುವಿನ ತಲೆ ಒರೆಸತೊಡಗಿದರು.

ಆ ಮೇಲೆ ಅವರು ಇದ್ದಷ್ಟು ಕಾಲವೂ ನಾನು ಅವರನ್ನು ಅವ್ವ ಎಂದೇ ಕರೆದೆ. ಅವರು ಹೋಗಿ ಬಹಳ ವರ್ಷಗಳಾದವು, ಅಂದು ಹುಟ್ಟಿದ ಮಗಳಿಗೇ ಈಗ ಮಕ್ಕಳಿದ್ದಾರೆ. ನನ್ನ ಆ ಮಾತು ನೆನಪಾದರೆ ಇಂದಿಗೂ ನಾಚಿಕೆಯಾಗುತ್ತದೆ. ಆದರೆ ನಾಚಿಕೆ ಹೆಚ್ಚು ಹೊತ್ತು ಉಳಿಯುವುದಿಲ್ಲ. ಅದರ ಹಿಂದೆಯೇ ಮುಂದಿನ ಹಲ್ಲಿಲ್ಲದ ಆ ನಗು ಬಂದುಬಿಡುತ್ತದೆ, ಒಬ್ಬಳೇ ಕೂತಿದ್ದರೂ ನಾನು ನಗುತ್ತೇನೆ.